ಪತ್ರಿಕೆಯ ಸುಡೊಕು: ಯಾವ ಮಟ್ಟಕ್ಕೆ ಯಾವ ತಂತ್ರ ಬೇಕು

ಪತ್ರಿಕೆಗಳಲ್ಲಿ ಪದಬಂಧದ ಆಸುಪಾಸಿನಲ್ಲಿ ಅಚ್ಚಾಗುವ ಸುಡೊಕುವಿನ ಮೇಲ್ಭಾಗದಲ್ಲಿ ‘ಸುಲಭ’, ‘ಮಧ್ಯಮ’, ‘ಕಠಿಣ’ ಎಂಬ ಪದಗಳಲ್ಲೊಂದೋ, ಕೆಲವು ನಕ್ಷತ್ರಗಳೋ ಇರುತ್ತವೆ. ಈ ಗುರುತು ಏನನ್ನು ಅಳೆಯುತ್ತದೆ ಎಂಬುದನ್ನು ಪತ್ರಿಕೆಗಳು ಸಾಮಾನ್ಯವಾಗಿ ವಿವರಿಸುವುದಿಲ್ಲ. ಸುಲಭದ ಸುಡೊಕುವನ್ನು ಕಾಫಿ ಆರುವುದರೊಳಗೆ ಮುಗಿಸುವ ಎಷ್ಟೋ ಜನ, ಕಠಿಣ ಎಂಬ ಗುರುತಿರುವುದನ್ನು ಅರ್ಧ ತುಂಬಿ, ಅಲ್ಲಿಂದ ಮುಂದೆ ದಾರಿ ಕಾಣದೆ, ತಮಗೆ ಲೆಕ್ಕದ ತಲೆ ಇಲ್ಲವೆಂದುಕೊಂಡು ಪತ್ರಿಕೆಯನ್ನು ಮಡಚಿಡುತ್ತಾರೆ. ಸುಡೊಕುವಿನಲ್ಲಿ ಲೆಕ್ಕವೇ ಇಲ್ಲ. ಪ್ರತಿ ಅಡ್ಡಸಾಲು, ಪ್ರತಿ ಕಂಬಸಾಲು, ಒಂಬತ್ತು ಮನೆಗಳ ಪ್ರತಿ ಚೌಕದಲ್ಲಿ 1ರಿಂದ 9ರವರೆಗಿನ ಅಂಕಿಗಳು ಒಂದೊಂದೇ ಸಲ ಬರುವಂತೆ ಖಾಲಿ ಮನೆಗಳನ್ನು ತುಂಬುವುದಷ್ಟೇ ಆಟ. ಅಂಕಿಗಳ ಬದಲು ಒಂಬತ್ತು ಅಕ್ಷರಗಳನ್ನೋ ಒಂಬತ್ತು ಬಣ್ಣಗಳನ್ನೋ ಬಳಸಿದರೂ ಆಟ ಒಂದಿಷ್ಟೂ ಬದಲಾಗುವುದಿಲ್ಲ. ಅರ್ಧದಲ್ಲಿ ನಿಂತವರಿಗೆ ಕೊರತೆಯಾಗಿರುವುದು ಒಂದೆರಡು ತಂತ್ರಗಳ ಪರಿಚಯ ಮಾತ್ರ. ಅವು ಒಂದು ವಾರದ ಅಭ್ಯಾಸದಲ್ಲಿ ಕೈಗೆ ಹತ್ತುವಂಥವು.

ಮೊದಲು ಕಾಠಿಣ್ಯದ ವಿಚಾರವನ್ನೇ ನೋಡೋಣ. ಕೊಟ್ಟಿರುವ ಅಂಕಿಗಳು ಕಡಿಮೆಯಾದಷ್ಟೂ ಸುಡೊಕು ಕಷ್ಟವಾಗುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಇದು ಪೂರ್ತಿ ನಿಜವಲ್ಲ. ಒಂದೇ ಉತ್ತರವಿರುವ ಸುಡೊಕುವಿಗೆ ಕನಿಷ್ಠ 17 ಅಂಕಿಗಳಾದರೂ ಬೇಕು ಎಂಬುದನ್ನು ಡಬ್ಲಿನ್‌ನ ಗ್ಯಾರಿ ಮೆಕ್‌ಗ್ವಾಯರ್ ಮತ್ತು ಅವರ ಸಹೋದ್ಯೋಗಿಗಳು 2012ರಲ್ಲಿ ಕಂಪ್ಯೂಟರ್‌ನಿಂದ ಹುಡುಕಿ ತೋರಿಸಿದರು. ಆದರೆ 17 ಅಂಕಿಗಳ ಸುಡೊಕುಗಳಲ್ಲಿ ಎಷ್ಟೋ ಸರಳವಾದವು; ತಾಳ್ಮೆಯೊಂದಿದ್ದರೆ ಹೊಸಬರೂ ಮುಗಿಸಬಲ್ಲಂಥವು. ಇನ್ನೊಂದು ಕಡೆ, 25ಕ್ಕೂ ಹೆಚ್ಚು ಅಂಕಿಗಳನ್ನು ಕೊಟ್ಟಿದ್ದರೂ ನುರಿತವರನ್ನು ಗಂಟೆಗಟ್ಟಲೆ ಕೂರಿಸುವ ಸುಡೊಕುಗಳಿವೆ. ಆದ್ದರಿಂದ ಪತ್ರಿಕೆ ತೆರೆದೊಡನೆ ಅಂಕಿಗಳನ್ನು ಎಣಿಸಿ ಹೆದರುವುದಾಗಲಿ, ಧೈರ್ಯ ತಂದುಕೊಳ್ಳುವುದಾಗಲಿ ಬೇಕಿಲ್ಲ.

ಕಾಠಿಣ್ಯವನ್ನು ನಿರ್ಧರಿಸುವುದು ಎರಡು ಸಂಗತಿಗಳು. ಅದನ್ನು ಬಿಡಿಸಲು ಬೇಕಾಗುವ ತಂತ್ರಗಳಲ್ಲಿ ಅತ್ಯಂತ ಕಠಿಣವಾದದ್ದು ಯಾವುದು ಎಂಬುದು ಮೊದಲನೆಯದು. ಯಾವುದೇ ಹಂತದಲ್ಲಿ ಮುಂದಿನ ಹೆಜ್ಜೆಗೆ ಎಷ್ಟು ದಾರಿಗಳು ತೆರೆದಿರುತ್ತವೆ ಎಂಬುದು ಎರಡನೆಯದು. ಸುಲಭದ ಸುಡೊಕುವಿನಲ್ಲಿ ಒಂದೇ ಸಲಕ್ಕೆ ಹತ್ತು ಮನೆಗಳನ್ನು ತುಂಬಲು ಸಾಧ್ಯವಿರುತ್ತದೆ, ಕಣ್ಣು ಎಲ್ಲಿ ಬಿದ್ದರೂ ಏನೋ ಒಂದು ಸಿಗುತ್ತದೆ. ಕಠಿಣದ್ದರಲ್ಲಿ ಇಡೀ ಪಟದಲ್ಲಿ ಒಂದೇ ಒಂದು ಕಡೆ ಬಾಗಿಲು ತೆರೆದಿರುತ್ತದೆ, ಅದನ್ನು ಕಾಣುವವರೆಗೆ ಮುಂದೆ ಹೋಗುವಂತಿಲ್ಲ. ಕಂಪ್ಯೂಟರ್‌ನಲ್ಲಿ ಸುಡೊಕು ರಚಿಸುವ ತಂತ್ರಾಂಶಗಳು ಮಟ್ಟವನ್ನು ಗುರುತಿಸುವ ಕ್ರಮವೂ ಬಹುಮಟ್ಟಿಗೆ ಇದೇ: ತಂತ್ರಾಂಶವು ಅತ್ಯಂತ ಸರಳ ತಂತ್ರದಿಂದ ಆರಂಭಿಸಿ, ಅದು ಸೋತಾಗ ಮುಂದಿನದಕ್ಕೆ ಏರಿ, ತಾನು ಏರಬೇಕಾದ ಅತಿ ಎತ್ತರದ ಮೆಟ್ಟಿಲನ್ನು ದಾಖಲಿಸುತ್ತದೆ.

ಸುಡೊಕು ಎಕ್ಸ್‌ಪ್ಲೇನರ್ ಎಂಬ ತಂತ್ರಾಂಶ ಪ್ರತಿ ತಂತ್ರಕ್ಕೂ ಒಂದು ಸಂಖ್ಯೆಯನ್ನೇ ಕೊಡುತ್ತದೆ. ಮುಂದೆ ವಿವರಿಸಲಿರುವ ತಂತ್ರಗಳನ್ನು ಅದರ ಅಳತೆಯಲ್ಲಿಟ್ಟು ನೋಡಿದರೆ, ಚೌಕದೊಳಗಿನ ಹಿಡನ್ ಸಿಂಗಲ್‌ಗೆ 1.2, ನೇಕೆಡ್ ಸಿಂಗಲ್‌ಗೆ 2.3, ಪಾಯಿಂಟಿಂಗ್‌ಗೆ 2.6, ನೇಕೆಡ್ ಪೇರ್‌ಗೆ 3.0, ಎಕ್ಸ್-ವಿಂಗ್‌ಗೆ 3.2, ಹಿಡನ್ ಪೇರ್‌ಗೆ 3.4, ಸ್ವೋರ್ಡ್‌ಫಿಶ್‌ಗೆ 3.8, ಎಕ್ಸ್‌ವೈ-ವಿಂಗ್‌ಗೆ 4.2 ಇದೆ. ಅತ್ಯಂತ ಕಠಿಣವೆಂದು ಹೆಸರಾದ ಸುಡೊಕುಗಳು ಈ ಅಳತೆಯಲ್ಲಿ 10ನ್ನೂ ದಾಟುತ್ತವೆ. ದಿನಪತ್ರಿಕೆಗಳಲ್ಲಿ ಬರುವವುಗಳ ಪೈಕಿ ಹೆಚ್ಚಿನವು 4ರ ಆಚೀಚೆಗೆ ನಿಲ್ಲುತ್ತವೆ ಎಂಬುದು ನನ್ನ ಅಂದಾಜು. ಅಂದರೆ ಪತ್ರಿಕೆಯ ಓದುಗರು ಕಲಿಯಬೇಕಾದದ್ದಕ್ಕೆ ಒಂದು ಮಿತಿಯಿದೆ, ಮತ್ತು ಆ ಮಿತಿ ಅಷ್ಟೇನೂ ದೂರದಲ್ಲಿಲ್ಲ.

ಒಂದು ಪತ್ರಿಕೆಯ ‘ಕಠಿಣ’ ಇನ್ನೊಂದರ ‘ಮಧ್ಯಮ’ವಾಗಿರಬಹುದು, ಏಕೆಂದರೆ ಎಲ್ಲ ಪತ್ರಿಕೆಗಳೂ ಒಪ್ಪಿಕೊಂಡ ಒಂದೇ ಅಳತೆ ಇಲ್ಲ. ಇದಕ್ಕೆ ಈ ಆಟ ಬೆಳೆದ ಬಗೆಯೂ ಒಂದು ಕಾರಣ. ಅಮೆರಿಕದ ವಾಸ್ತುಶಿಲ್ಪಿ ಹೊವಾರ್ಡ್ ಗಾರ್ನ್ಸ್ ರಚಿಸಿದ್ದೆಂದು ನಂಬಲಾಗಿರುವ ಇದರ ಮೊದಲ ರೂಪ 1979ರಲ್ಲಿ ಡೆಲ್ ಸಂಸ್ಥೆಯ ಒಗಟಿನ ಪತ್ರಿಕೆಯಲ್ಲಿ ‘ನಂಬರ್ ಪ್ಲೇಸ್’ ಎಂಬ ಹೆಸರಿನಲ್ಲಿ ಬಂದಿತು. ಜಪಾನಿನ ನಿಕೋಲಿ ಸಂಸ್ಥೆ 1984ರಲ್ಲಿ ಅದನ್ನು ತನ್ನ ಓದುಗರಿಗೆ ಕೊಟ್ಟು, ಮುಂದೆ 1986ರಲ್ಲಿ ಎರಡು ಕಟ್ಟುಪಾಡುಗಳನ್ನು ವಿಧಿಸಿತು: ಕೊಡುವ ಅಂಕಿಗಳು 32ನ್ನು ಮೀರಬಾರದು, ಮತ್ತು ಅವು ಪಟದಲ್ಲಿ ಸಮಮಿತಿಯಿಂದ ಕೂತಿರಬೇಕು. ನಿಕೋಲಿಯ ಸುಡೊಕುಗಳನ್ನು ಮನುಷ್ಯರೇ ಕೈಯಿಂದ ರಚಿಸುತ್ತಿದ್ದರು. ಹಾಂಗ್‌ಕಾಂಗ್‌ನಲ್ಲಿ ನ್ಯಾಯಾಧೀಶರಾಗಿ ನಿವೃತ್ತರಾದ ನ್ಯೂಜಿಲೆಂಡಿನ ವೇಯ್ನ್ ಗೌಲ್ಡ್ 1997ರಲ್ಲಿ ಟೋಕಿಯೊದಲ್ಲಿ ಈ ಆಟವನ್ನು ಕಂಡು, ಅದನ್ನು ರಚಿಸುವ ಕಂಪ್ಯೂಟರ್ ಕಾರ್ಯಕ್ರಮವನ್ನು ವರ್ಷಗಟ್ಟಲೆ ಕೂತು ಬರೆದು, ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಗೆ ಒಪ್ಪಿಸಿದರು. 2004ರ ನವೆಂಬರ್ 12ರಂದು ಅಲ್ಲಿ ಮೊದಲ ಸುಡೊಕು ಅಚ್ಚಾಯಿತು. ಮರುವರ್ಷದೊಳಗೆ ಜಗತ್ತಿನ ಪತ್ರಿಕೆಗಳೆಲ್ಲ ಅದನ್ನು ಹಿಂಬಾಲಿಸಿದವು. ಕೈಯಿಂದ ರಚಿಸಿದವುಗಳಲ್ಲಿ ಬಿಡಿಸುವವರು ಸಾಗುವ ದಾರಿಯನ್ನು ಮೊದಲೇ ಊಹಿಸಿದ ಒಂದು ಚೆಲುವು ಕಾಣುತ್ತದೆ. ಯಂತ್ರ ರಚಿಸಿದವುಗಳಲ್ಲಿ ಅದು ಅದೃಷ್ಟವಿದ್ದಂತೆ. ನಿಮ್ಮ ಪತ್ರಿಕೆ ಯಾವ ಮೂಲದಿಂದ ತರಿಸುತ್ತದೆ ಎಂಬುದರ ಮೇಲೆ ಅದರ ನಕ್ಷತ್ರಗಳ ಅರ್ಥ ನಿಂತಿದೆ.

ಈಗ ಪಟಕ್ಕೆ ಬರೋಣ. ಅಡ್ಡಸಾಲುಗಳನ್ನು ಮೇಲಿನಿಂದ ಕೆಳಕ್ಕೆ 1ರಿಂದ 9, ಕಂಬಸಾಲುಗಳನ್ನು ಎಡದಿಂದ ಬಲಕ್ಕೆ 1ರಿಂದ 9 ಎಂದು ಎಣಿಸೋಣ. ‘6ನೇ ಸಾಲಿನ 1ನೇ ಮನೆ’ ಎಂದರೆ 6ನೇ ಅಡ್ಡಸಾಲಿನಲ್ಲಿ ಎಡದಿಂದ ಮೊದಲನೆಯ ಮನೆ. ಗೆರೆಗಳಿಂದ ಬೇರ್ಪಟ್ಟ, ಮೂರು ಸಾಲು ಮೂರು ಕಂಬಗಳ ಒಂಬತ್ತು ಮನೆಗಳ ಗುಂಪನ್ನು ಚೌಕ ಎನ್ನೋಣ. 30 ಅಂಕಿಗಳನ್ನು ಕೊಟ್ಟಿರುವ ಈ ಸುಡೊಕುವನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು ಮುಂದಿನದನ್ನು ಓದಿದರೆ ಹೆಚ್ಚು ಉಪಯೋಗವಾಗುತ್ತದೆ.

8 1 · | 6 2 3 | · · ·
9 · 5 | · · · | 1 · ·
· · 6 | · · · | · · ·
——————————
· 4 · | · 6 · | · 2 ·
3 5 · | 1 · 7 | · 4 6
· 8 · | · 9 · | · 5 ·
——————————
· · · | · · · | 7 · ·
· · 1 | · · · | 6 · 3
· · · | 9 4 1 | · 8 5

ಹೊಸಬರು ಸಾಮಾನ್ಯವಾಗಿ ಒಂದು ಖಾಲಿ ಮನೆಯನ್ನು ದಿಟ್ಟಿಸಿ ಇಲ್ಲಿ ಯಾವ ಅಂಕಿ ಬರಬಹುದು ಎಂದು ಕೇಳಿಕೊಳ್ಳುತ್ತಾರೆ. ಪ್ರಶ್ನೆಯನ್ನು ತಿರುಗಿಸಿ, ಈ ಅಂಕಿ ಈ ಚೌಕದಲ್ಲಿ ಎಲ್ಲಿ ಕೂರಬಹುದು ಎಂದು ಕೇಳಿದರೆ ಉತ್ತರ ಬೇಗ ಸಿಗುತ್ತದೆ. ಇದೇ ಹಿಡನ್ ಸಿಂಗಲ್. ಕೆಳಗಿನ ಎಡ ಚೌಕದಲ್ಲಿ 8 ಎಲ್ಲಿ ಬರಬೇಕು ಎಂದು ನೋಡಿ. 1ನೇ ಕಂಬಸಾಲಿನಲ್ಲಿ ಮೇಲ್ತುದಿಯಲ್ಲೇ 8 ಇದೆ, 2ನೇ ಕಂಬಸಾಲಿನಲ್ಲಿ 6ನೇ ಸಾಲಿನಲ್ಲಿ 8 ಇದೆ. ಹಾಗಾಗಿ ಈ ಚೌಕದ 8 ಅದರ ಮೂರನೆಯ ಕಂಬಕ್ಕೇ ಬರಬೇಕು. ಅಲ್ಲಿ ನಡುವಿನ ಮನೆಯಲ್ಲಿ ಈಗಾಗಲೇ 1 ಕೂತಿದೆ, ಕೆಳಗಿನ ಮನೆಯಿರುವ 9ನೇ ಸಾಲಿನಲ್ಲಿ ಬಲಗಡೆ 8 ಇದೆ. ಉಳಿದದ್ದು 7ನೇ ಸಾಲಿನ 3ನೇ ಮನೆ ಒಂದೇ; ಅಲ್ಲಿ 8.

ಅದೇ ರೀತಿ ನಡುವಿನ ಎಡ ಚೌಕದಲ್ಲಿ 6ನ್ನು ಹುಡುಕಿ. 4ನೇ ಸಾಲಿನಲ್ಲಿಯೂ 5ನೇ ಸಾಲಿನಲ್ಲಿಯೂ 6 ಇದೆ, ಆದ್ದರಿಂದ ಅದು 6ನೇ ಸಾಲಿಗೆ ಇಳಿಯಬೇಕು. ಆ ಸಾಲಿನ 2ನೇ ಮನೆಯಲ್ಲಿ 8 ಇದೆ, 3ನೇ ಕಂಬಸಾಲಿನಲ್ಲಿ ಮೇಲೆ 6 ಇದೆ. ಹೀಗಾಗಿ 6ನೇ ಸಾಲಿನ 1ನೇ ಮನೆಯಲ್ಲಿ 6 ಕೂರುತ್ತದೆ. ಇದು ತುಂಬಿದ ಕೂಡಲೇ ಅದೇ ಚೌಕದ 1ಕ್ಕೂ ದಾರಿಯಾಗುತ್ತದೆ: 2 ಮತ್ತು 3ನೇ ಕಂಬಸಾಲುಗಳಲ್ಲಿ 1 ಇದೆ, 1ನೇ ಕಂಬದಲ್ಲಿ ಉಳಿದ ಖಾಲಿ ಮನೆ 4ನೇ ಸಾಲಿನದೊಂದೇ. ಅಲ್ಲಿ 1 ಬಂದರೆ ನಡುವಿನ ಬಲ ಚೌಕದ 1 ಕೂಡ ಗೊತ್ತಾಗುತ್ತದೆ. 7ನೇ ಕಂಬದಲ್ಲಿ 1 ಇರುವುದರಿಂದ, 4 ಮತ್ತು 5ನೇ ಸಾಲುಗಳಲ್ಲಿಯೂ 1 ಇರುವುದರಿಂದ ಅದು 6ನೇ ಸಾಲಿನ 9ನೇ ಮನೆಗೆ ಬರುತ್ತದೆ. ಒಂದು ಅಂಕಿ ತುಂಬಿದ ಮೇಲೆ ಬೇರೆಡೆಗೆ ಹಾರದೆ ಅದರ ಪರಿಣಾಮವನ್ನು ಅಕ್ಕಪಕ್ಕದ ಚೌಕಗಳಲ್ಲಿ ಕೊನೆಯವರೆಗೆ ಅನುಸರಿಸುವ ಅಭ್ಯಾಸ ಮಾಡಿಕೊಳ್ಳಿ. ವೇಗ ಬರುವುದು ಈ ಅಭ್ಯಾಸದಿಂದಲೇ.

ಒಂದು ಮನೆಯ ಅಡ್ಡಸಾಲು, ಕಂಬಸಾಲು, ಚೌಕ ಮೂರನ್ನೂ ನೋಡಿದಾಗ ಎಂಟು ಅಂಕಿಗಳು ಹೊರಬಿದ್ದು ಒಂದೇ ಉಳಿಯುವುದು ನೇಕೆಡ್ ಸಿಂಗಲ್. ಹೆಸರಿನಲ್ಲಿ ಇದು ಎದ್ದು ಕಾಣುವಂತಿದ್ದರೂ, ಪೆನ್ಸಿಲ್ ಗುರುತುಗಳಿಲ್ಲದೆ, ಅಂದರೆ ಬರಬಹುದಾದ ಅಂಕಿಗಳನ್ನು ಮನೆಯೊಳಗೆ ಸಣ್ಣದಾಗಿ ಬರೆದುಕೊಳ್ಳದೆ, ಕಣ್ಣಿನಿಂದಲೇ ಹುಡುಕುವವರಿಗೆ ಹಿಡನ್ ಸಿಂಗಲ್‌ಗಿಂತ ಹೆಚ್ಚು ಕಷ್ಟ, ಏಕೆಂದರೆ ಎಂಟು ಅಂಕಿಗಳನ್ನು ಮೂರು ದಿಕ್ಕಿನಿಂದ ಒಟ್ಟುಗೂಡಿಸಬೇಕು. ಮೇಲೆ ಹೇಳಿದ ಅಳತೆಯಲ್ಲಿ ಒಂದಕ್ಕೆ 1.2 ಇನ್ನೊಂದಕ್ಕೆ 2.3 ಇರುವುದು ಇದೇ ಕಾರಣಕ್ಕೆ. ನಮ್ಮ ಪಟದ 5ನೇ ಸಾಲಿನಲ್ಲಿ ಆರು ಅಂಕಿಗಳಿವೆ, ಇಲ್ಲದಿರುವುದು 2, 8, 9. ಇಂಥ ಹೆಚ್ಚು ತುಂಬಿದ ಸಾಲುಗಳಲ್ಲೇ ಮೊದಲು ಹುಡುಕಬೇಕು. ಅದರ ನಟ್ಟನಡುವಿನ ಮನೆಯ ಕಂಬಸಾಲಿನಲ್ಲಿ 2 ಮತ್ತು 9 ಎರಡೂ ಇವೆ. ಆದ್ದರಿಂದ ಅಲ್ಲಿ 8. ಉಳಿದ 2 ಮತ್ತು 9ರ ಪೈಕಿ, 7ನೇ ಮನೆಯಿರುವ ಚೌಕದಲ್ಲಿ 2 ಈಗಾಗಲೇ ಇರುವುದರಿಂದ ಅಲ್ಲಿಗೆ 9, 3ನೇ ಮನೆಗೆ 2. ಈಗ ನಡುವಿನ ಎಡ ಚೌಕದಲ್ಲಿ 7 ಮತ್ತು 9 ಮಾತ್ರ ಬಾಕಿ. 6ನೇ ಸಾಲಿನಲ್ಲಿ 9 ಇರುವುದರಿಂದ ಆ ಸಾಲಿನ 3ನೇ ಮನೆಗೆ 7, 4ನೇ ಸಾಲಿನ 3ನೇ ಮನೆಗೆ 9. ಅಷ್ಟರಲ್ಲಿ 3ನೇ ಕಂಬಸಾಲಿನಲ್ಲಿ ಎರಡೇ ಮನೆಗಳು ಖಾಲಿ ಉಳಿದಿವೆ, ಬೇಕಾದವು 3 ಮತ್ತು 4. ಮೊದಲ ಸಾಲಿನಲ್ಲಿ 3 ಇರುವುದರಿಂದ ಮೇಲಿನದು 4, ಕೆಳಗಿನದು 3.

ಇಷ್ಟು ಬಲ್ಲವರು ‘ಸುಲಭ’ ಎಂಬ ಗುರುತಿನ ಪ್ರತಿಯೊಂದನ್ನೂ, ಮತ್ತು ಎಷ್ಟೋ ಪತ್ರಿಕೆಗಳ ‘ಮಧ್ಯಮ’ವನ್ನೂ ಮುಗಿಸಬಲ್ಲರು. ಮೇಲಿನ ಪಟ ಕೂಡ ಸಿಂಗಲ್‌ಗಳಿಂದಲೇ ಪೂರ್ತಿ ಬಿಡುತ್ತದೆ. ಆದರೂ ಮುಂದಿನ ತಂತ್ರದ ಸೊಗಸನ್ನು ಇದರಲ್ಲೇ ತೋರಿಸಬಹುದು.

ನಟ್ಟನಡುವಿನ ಚೌಕದಲ್ಲಿ 3 ಎಲ್ಲಿ ಬರಬಹುದು? 5ನೇ ಸಾಲಿನಲ್ಲಿ 3 ಇದೆ, 6ನೇ ಕಂಬಸಾಲಿನಲ್ಲಿಯೂ 3 ಇದೆ. ಉಳಿಯುವುದು 4ನೇ ಸಾಲಿನ 4ನೇ ಮನೆ ಮತ್ತು 6ನೇ ಸಾಲಿನ 4ನೇ ಮನೆ. ಎರಡರಲ್ಲಿ ಯಾವುದು ಎಂದು ಈಗ ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇಲ್ಲ. ಎರಡೂ 4ನೇ ಕಂಬಸಾಲಿನಲ್ಲೇ ಇರುವುದರಿಂದ, ಆ ಕಂಬದ 3 ಈ ಚೌಕದೊಳಗೇ ಬರುವುದು ಖಚಿತ, ಬೇರೆ ಚೌಕಗಳಲ್ಲಿ ಆ ಕಂಬದ ಮನೆಗಳಿಗೆ 3 ಬರುವಂತಿಲ್ಲ. ಈಗ ಅದರ ಕೆಳಗಿನ ಚೌಕವನ್ನು ನೋಡಿ. 8ನೇ ಸಾಲಿನಲ್ಲಿ 3 ಇದೆ, 9ನೇ ಸಾಲಿನ ಆ ಮೂರು ಮನೆಗಳು ತುಂಬಿವೆ, ಹಾಗಾಗಿ 3 ಬರಬೇಕಾದದ್ದು 7ನೇ ಸಾಲಿನಲ್ಲಿ. 6ನೇ ಕಂಬದಲ್ಲಿ ಬರುವಂತಿಲ್ಲ, 4ನೇ ಕಂಬವನ್ನು ಈಗತಾನೆ ತೆಗೆದುಹಾಕಿದೆವು. 7ನೇ ಸಾಲಿನ 5ನೇ ಮನೆಯಲ್ಲಿ 3 ಎಂಬುದು ತೀರ್ಮಾನವಾಯಿತು. ಇದು ಪಾಯಿಂಟಿಂಗ್. ಇದರ ಮಗುಚಿದ ರೂಪವೂ ಉಂಟು: ಒಂದು ಸಾಲಿನಲ್ಲಿ ಒಂದು ಅಂಕಿ ಬರಬಹುದಾದ ಮನೆಗಳೆಲ್ಲ ಒಂದೇ ಚೌಕದೊಳಗಿದ್ದರೆ, ಆ ಚೌಕದ ಉಳಿದ ಮನೆಗಳಿಂದ ಆ ಅಂಕಿಯನ್ನು ಹೊಡೆದುಹಾಕಬಹುದು. ಪತ್ರಿಕೆಯ ಸುಡೊಕು ಬಿಡಿಸುವವರು ಹೊಸದಾಗಿ ಕಲಿಯಬೇಕಾದದ್ದು ಒಂದೇ ಒಂದು ತಂತ್ರವೆಂದರೆ ನಾನು ಇದನ್ನೇ ಹೇಳುತ್ತೇನೆ. ಮಧ್ಯಮದಿಂದ ಕಠಿಣಕ್ಕೆ ಹೋಗುವ ಹಾದಿಯಲ್ಲಿ ಜನ ಅತಿ ಹೆಚ್ಚಾಗಿ ನಿಲ್ಲುವುದು ಇಲ್ಲೇ, ಏಕೆಂದರೆ ಗೊತ್ತಿಲ್ಲದ ಸಂಗತಿಯಿಂದಲೂ ಖಚಿತವಾದದ್ದನ್ನು ಪಡೆಯಬಹುದು ಎಂಬುದು ಮೊದಲು ಹೊಳೆಯುವುದಿಲ್ಲ.

ಇಲ್ಲಿಂದ ಮುಂದೆ ಪೆನ್ಸಿಲ್ ಗುರುತು ಬೇಕೇ ಬೇಕು. ಖಾಲಿ ಮನೆಯಲ್ಲಿ ಬರಬಹುದಾದ ಎಲ್ಲ ಅಂಕಿಗಳನ್ನೂ ಸಣ್ಣದಾಗಿ ಬರೆದುಕೊಳ್ಳುವುದಕ್ಕೆ ಪತ್ರಿಕೆಯ ಪಟದಲ್ಲಿ ಜಾಗ ಸಾಲದು. ಸುದ್ದಿಕಾಗದದ ಮೇಲೆ ಎರಡು ಸಲ ರಬ್ಬರ್ ಉಜ್ಜಿದರೆ ಹರಿಯುತ್ತದೆ. ಚೌಕುಳಿ ಗೆರೆಯ ಲೆಕ್ಕದ ಪುಸ್ತಕದಲ್ಲಿ ಪ್ರತಿ ಮನೆಗೆ ಒಂಬತ್ತು ಸಣ್ಣ ಚೌಕುಳಿ ಬಿಟ್ಟು ಪಟವನ್ನು ದೊಡ್ಡದಾಗಿ ಬರೆದುಕೊಳ್ಳುವುದು ನಿಜಕ್ಕೂ ಉತ್ತಮ. ಪ್ರತಿ ಅಂಕಿಗೂ ಮನೆಯೊಳಗೆ ಒಂದು ನಿಗದಿತ ಸ್ಥಳವನ್ನು ಇಟ್ಟುಕೊಳ್ಳಿ: 1, 2, 3 ಮೇಲಿನ ಸಾಲಿನಲ್ಲಿ, 4, 5, 6 ನಡುವೆ, 7, 8, 9 ಕೆಳಗೆ. ಹೀಗೆ ಮಾಡಿದರೆ ಒಂದು ಅಂಕಿ ಎಲ್ಲೆಲ್ಲಿ ಇನ್ನೂ ಉಳಿದಿದೆ ಎಂಬುದು ಓದದೆಯೇ ಕಣ್ಣಿಗೆ ಕಾಣುತ್ತದೆ. ಆದರೆ ಸಿಂಗಲ್‌ಗಳು ಮುಗಿಯುವ ಮೊದಲೇ ಎಲ್ಲ ಮನೆಗಳಲ್ಲೂ ಗುರುತು ತುಂಬಬೇಡಿ. ಅದರಿಂದ ಪಟ ಕಪ್ಪಾಗಿ, ಸುಲಭದ ಹೆಜ್ಜೆಗಳೂ ಮರೆಯಾಗುತ್ತವೆ. ಒಂದು ಅಂಕಿಗೆ ಒಂದು ಚೌಕದಲ್ಲಿ ಎರಡೇ ಮನೆಗಳು ಉಳಿದಾಗ ಮಾತ್ರ ಗುರುತು ಹಾಕುತ್ತ ಹೋಗಿ, ಪೂರ್ತಿ ನಿಂತ ಮೇಲೆ ಉಳಿದವನ್ನು ಬರೆಯುವುದು ಒಳ್ಳೆಯದು. ಒಂದು ಅಂಕಿಯನ್ನು ಖಚಿತವಾಗಿ ತುಂಬಿದ ಕೂಡಲೇ ಅದರ ಸಾಲು, ಕಂಬ, ಚೌಕಗಳಲ್ಲಿ ಅದೇ ಅಂಕಿಯ ಸಣ್ಣ ಗುರುತುಗಳನ್ನು ಹೊಡೆದುಹಾಕದಿದ್ದರೆ ಈ ಶ್ರಮವೆಲ್ಲ ವ್ಯರ್ಥ.

ಗುರುತುಗಳು ಸಿದ್ಧವಾದ ಮೇಲೆ ಮೊದಲು ಜೋಡಿಗಳನ್ನು ಹುಡುಕಬೇಕು. ಒಂದೇ ಅಡ್ಡಸಾಲಿನ ಎರಡು ಮನೆಗಳಲ್ಲಿ 2 ಮತ್ತು 7 ಮಾತ್ರ ಉಳಿದಿವೆ ಎಂದುಕೊಳ್ಳಿ. ಒಂದರಲ್ಲಿ 2 ಬಂದರೆ ಇನ್ನೊಂದರಲ್ಲಿ 7. ಹೇಗೆ ಬಂದರೂ ಆ ಎರಡು ಅಂಕಿಗಳು ಆ ಎರಡು ಮನೆಗಳಲ್ಲೇ ಮುಗಿಯುತ್ತವೆ. ಆದ್ದರಿಂದ ಅದೇ ಸಾಲಿನಲ್ಲಿ 2, 5, 7 ಎಂಬ ಗುರುತುಗಳಿರುವ ಮೂರನೆಯ ಮನೆಯೊಂದಿದ್ದರೆ ಅದು 5 ಆಗಲೇಬೇಕು. ಇದು ನೇಕೆಡ್ ಪೇರ್. ಹಿಡನ್ ಪೇರ್ ಇದರ ಇನ್ನೊಂದು ಮುಖ: ಒಂದು ಚೌಕದಲ್ಲಿ 3 ಮತ್ತು 8 ಎರಡೂ ಎರಡೇ ಮನೆಗಳಲ್ಲಿ ಬರಬಲ್ಲವು, ಆದರೆ ಆ ಮನೆಗಳಲ್ಲಿ ಒಂದರಲ್ಲಿ 1, 3, 5, 8 ಮತ್ತು ಇನ್ನೊಂದರಲ್ಲಿ 3, 6, 8, 9 ಎಂಬ ಗುರುತುಗಳಿವೆ ಎನ್ನಿ. ಆ ಎರಡು ಮನೆಗಳು 3 ಮತ್ತು 8ಕ್ಕೇ ಮೀಸಲಾದ್ದರಿಂದ ಉಳಿದ ಗುರುತುಗಳನ್ನೆಲ್ಲ ಅಳಿಸಬಹುದು. ಹಿಡನ್ ಪೇರ್ ಅನ್ನು ಕಾಣುವುದು ಕಷ್ಟ, ಏಕೆಂದರೆ ಸುತ್ತಲಿನ ಅನಗತ್ಯ ಗುರುತುಗಳೇ ಅದನ್ನು ಮುಚ್ಚಿರುತ್ತವೆ. ಮನೆಗಳನ್ನು ಓದುವ ಬದಲು ಒಂದು ಸಾಲಿನಲ್ಲಿ ಪ್ರತಿ ಅಂಕಿ ಎಷ್ಟು ಸಲ ಬಂದಿದೆ ಎಂದು ಎಣಿಸಿ, ಎರಡೇ ಸಲ ಬಂದಿರುವ ಅಂಕಿಗಳನ್ನು ಹೋಲಿಸುವುದೇ ಅದನ್ನು ಹಿಡಿಯುವ ಉಪಾಯ.

ಮೂರು ಮನೆಗಳು, ಮೂರು ಅಂಕಿಗಳ ಗುಂಪಿಗೂ ಇದೇ ನ್ಯಾಯ. ಮೂರೂ ಮನೆಗಳಲ್ಲಿ ಮೂರೂ ಅಂಕಿಗಳು ಇರಲೇಬೇಕೆಂದಿಲ್ಲ ಎಂಬುದನ್ನಷ್ಟೇ ನೆನಪಿಡಬೇಕು. 1-4, 4-9, 1-9 ಎಂಬ ಗುರುತುಗಳಿರುವ ಮೂರು ಮನೆಗಳೂ ಒಂದು ಪೂರ್ಣ ಗುಂಪೇ.

ಬಹುಪಾಲು ಪತ್ರಿಕೆಗಳ ‘ಕಠಿಣ’ ಇಷ್ಟಕ್ಕೆ ಬಿಡುತ್ತದೆ. ವಾರಾಂತ್ಯದ ಪುರವಣಿಗಳಲ್ಲಿ ಬರುವಂಥವಕ್ಕೆ, ಅಥವಾ ‘ದಿ ಟೈಮ್ಸ್’ ಪತ್ರಿಕೆ ‘ಫೀಂಡಿಶ್’ ಎಂದು ಕರೆಯುವ ಮಟ್ಟದವಕ್ಕೆ, ಎಕ್ಸ್-ವಿಂಗ್ ಮೊದಲಾದ ತಂತ್ರಗಳು ಬೇಕಾಗಬಹುದು. ಹೆಸರು ಕೇಳಿ ಹಿಂಜರಿಯಬೇಕಾಗಿಲ್ಲ. 2ನೇ ಅಡ್ಡಸಾಲಿನಲ್ಲಿ 4 ಬರಬಹುದಾದದ್ದು 3 ಮತ್ತು 8ನೇ ಮನೆಗಳಲ್ಲಿ ಮಾತ್ರ, 7ನೇ ಅಡ್ಡಸಾಲಿನಲ್ಲಿಯೂ 4 ಬರಬಹುದಾದದ್ದು 3 ಮತ್ತು 8ನೇ ಮನೆಗಳಲ್ಲಿ ಮಾತ್ರ ಎಂದುಕೊಳ್ಳಿ. 2ನೇ ಸಾಲಿನ 4 ಮೂರನೆಯ ಮನೆಗೆ ಹೋದರೆ 7ನೇ ಸಾಲಿನದು ಎಂಟನೆಯದಕ್ಕೆ ಹೋಗಬೇಕು. ಅದು ಎಂಟಕ್ಕೆ ಹೋದರೆ ಇದು ಮೂರಕ್ಕೆ. ಎರಡು ಸಂದರ್ಭಗಳಲ್ಲಿಯೂ 3ನೇ ಕಂಬಸಾಲಿಗೆ ಒಂದು 4, 8ನೇ ಕಂಬಸಾಲಿಗೆ ಒಂದು 4 ದೊರೆಯುತ್ತದೆ. ಆದ್ದರಿಂದ ಆ ಎರಡು ಕಂಬಗಳ ಉಳಿದ ಎಲ್ಲ ಮನೆಗಳಿಂದ 4ನ್ನು ತೆಗೆದುಹಾಕಬಹುದು. ಅಡ್ಡಸಾಲು, ಕಂಬಸಾಲುಗಳನ್ನು ಅದಲುಬದಲು ಮಾಡಿದರೂ ವಾದ ನಿಲ್ಲುತ್ತದೆ. ಒಂದೇ ಅಂಕಿಯನ್ನು ಹಿಡಿದು ಇಡೀ ಪಟವನ್ನು ನೋಡುವುದಕ್ಕೆ ಕಣ್ಣು ಒಗ್ಗಿದವರಿಗೆ ಎಕ್ಸ್-ವಿಂಗ್ ಹಿಡನ್ ಪೇರ್‌ಗಿಂತಲೂ ಬೇಗ ಸಿಗುತ್ತದೆ. ಎರಡು ಸಾಲುಗಳ ಬದಲು ಮೂರು ಸಾಲು, ಮೂರು ಕಂಬಗಳಿಗೆ ಇದೇ ವಾದವನ್ನು ವಿಸ್ತರಿಸಿದರೆ ಅದು ಸ್ವೋರ್ಡ್‌ಫಿಶ್. ಪತ್ರಿಕೆಯಲ್ಲಿ ಅದರ ಅಗತ್ಯ ಅಪರೂಪ.

ಎಕ್ಸ್‌ವೈ-ವಿಂಗ್ ಬೇರೆ ಜಾತಿಯದು. ಅದಕ್ಕೆ ಎರಡೆರಡು ಗುರುತುಗಳು ಮಾತ್ರ ಉಳಿದ ಮೂರು ಮನೆಗಳು ಬೇಕು. 1ನೇ ಸಾಲಿನ 1ನೇ ಮನೆಯಲ್ಲಿ 3-8, ಅದೇ ಸಾಲಿನ 7ನೇ ಮನೆಯಲ್ಲಿ 3-5, 6ನೇ ಸಾಲಿನ 1ನೇ ಮನೆಯಲ್ಲಿ 5-8 ಇದೆ ಎನ್ನಿ. ಮೊದಲನೆಯ ಮನೆಯಲ್ಲಿ 3 ಬಂದರೆ 7ನೇ ಮನೆ 5 ಆಗುತ್ತದೆ. 8 ಬಂದರೆ 6ನೇ ಸಾಲಿನ ಮನೆ 5 ಆಗುತ್ತದೆ. ಹೇಗಾದರೂ ಆ ಎರಡರಲ್ಲಿ ಒಂದು 5. ಆ ಎರಡೂ ಮನೆಗಳಿಗೆ ಸಂಬಂಧಪಟ್ಟ 6ನೇ ಸಾಲಿನ 7ನೇ ಮನೆಯಲ್ಲಿ 5 ಬರಲಾರದು. ಅಳಿಯುವುದು ಒಂದೇ ಗುರುತಾದರೂ, ಕಠಿಣದ ಸುಡೊಕುವಿನಲ್ಲಿ ಅಂಥ ಒಂದು ಗುರುತು ಹೋದದ್ದರಿಂದ ಉಳಿದ ಇಡೀ ಪಟ ಬಿಡಿಸಿಕೊಳ್ಳುವುದುಂಟು.

ಯುನೀಕ್ ರೆಕ್ಟ್ಯಾಂಗಲ್ ಎಂಬ ಇನ್ನೊಂದು ತಂತ್ರದ ಬಗ್ಗೆ ನುರಿತವರಲ್ಲೇ ಭಿನ್ನಾಭಿಪ್ರಾಯವಿದೆ. ಎರಡು ಸಾಲು, ಎರಡು ಕಂಬ, ಎರಡೇ ಚೌಕಗಳಲ್ಲಿ ಹರಡಿದ ನಾಲ್ಕು ಮೂಲೆಯ ಮನೆಗಳ ಪೈಕಿ ಮೂರರಲ್ಲಿ 1-6, ನಾಲ್ಕನೆಯದರಲ್ಲಿ 1-6-9 ಇದ್ದರೆ, ನಾಲ್ಕನೆಯದು 9 ಆಗಲೇಬೇಕು. ಇಲ್ಲವಾದರೆ 1 ಮತ್ತು 6ನ್ನು ಅದಲುಬದಲು ಮಾಡಿ ಎರಡು ಉತ್ತರಗಳನ್ನು ಬರೆಯಬಹುದಾಗುತ್ತಿತ್ತು. ಉತ್ತರ ಒಂದೇ ಎಂಬುದನ್ನು ಸಾಧಿಸುವ ಬದಲು ಮೊದಲೇ ನಂಬಿ ಹೊರಡುವುದು ಸರಿಯಲ್ಲ ಎಂದು ಕೆಲವರು ಇದನ್ನು ಮುಟ್ಟುವುದಿಲ್ಲ. ಸರಿಯಾದ ಸುಡೊಕುವಿಗೆ ಒಂದೇ ಉತ್ತರವಿರಬೇಕು ಎಂಬುದು ಆಟದ ಕಟ್ಟುಪಾಡೇ ಆಗಿರುವುದರಿಂದ, ಅದನ್ನು ಬಳಸಿಕೊಳ್ಳುವುದರಲ್ಲಿ ತಪ್ಪಿಲ್ಲ ಎಂಬುದು ನನ್ನ ನಿಲುವು.

ಊಹೆಯ ಮಾತಿಗೆ ಬರೋಣ. ಎರಡೇ ಗುರುತುಗಳಿರುವ ಮನೆಯೊಂದರಲ್ಲಿ ಒಂದನ್ನು ತುಂಬಿ ನೋಡಿ, ತಪ್ಪಿದರೆ ಅಳಿಸಿ ಇನ್ನೊಂದನ್ನು ತುಂಬುವವರಿದ್ದಾರೆ. ಹೀಗೆ ಉತ್ತರ ಸಿಗುವುದುಂಟು. ಸ್ಪರ್ಧೆಗಳಲ್ಲಿ ಸಮಯ ಉಳಿಸಲು ಪರಿಣತರೂ ಇದನ್ನು ಮಾಡುತ್ತಾರೆ. ಆದರೆ ಮನೆಯಲ್ಲಿ ಕೂತು ಬಿಡಿಸುವವರಿಗೆ ಇದರಿಂದ ನಷ್ಟವೇ ಹೆಚ್ಚು. ಊಹೆ ತಪ್ಪೆಂದು ತಿಳಿಯುವುದು ಎಷ್ಟೋ ಮನೆಗಳನ್ನು ತುಂಬಿದ ಮೇಲೆ. ಅವುಗಳಲ್ಲಿ ಯಾವುದು ಖಚಿತವಾಗಿ ತುಂಬಿದ್ದು, ಯಾವುದು ಊಹೆಯಿಂದ ಬಂದದ್ದು ಎಂದು ಆಗ ಬೇರ್ಪಡಿಸಲಾಗುವುದಿಲ್ಲ. ಊಹೆ ಸರಿಯಾದರೆ, ಕಾಣದೇ ಹೋದ ತಂತ್ರ ಮುಂದಿನ ಸಲವೂ ಕಾಣದೇ ಉಳಿಯುತ್ತದೆ. ಎರಡೂ ಸಾಧ್ಯತೆಗಳನ್ನು ಪ್ರತ್ಯೇಕವಾಗಿ ಅನುಸರಿಸಿ, ಎರಡರಲ್ಲಿಯೂ ಬೇರೊಂದು ಮನೆಗೆ ಒಂದೇ ಅಂಕಿ ಬರುತ್ತದೆಂದು ಕಂಡುಕೊಳ್ಳುವುದು ಮಾತ್ರ ಊಹೆಯಲ್ಲ, ಅದು ಪೂರ್ಣ ತರ್ಕ. ಅದನ್ನು ಫೋರ್ಸಿಂಗ್ ಚೈನ್ ಎನ್ನುತ್ತಾರೆ. ಫಿನ್ಲೆಂಡಿನ ಗಣಿತಜ್ಞ ಆರ್ಟೊ ಇಂಕಾಲ ರಚಿಸಿ, ಜಗತ್ತಿನ ಅತಿ ಕಠಿಣವೆಂದು ಪ್ರಚಾರವಾದ ಸುಡೊಕುಗಳಿಗೆ ಇಂಥ ಉದ್ದುದ್ದ ಸರಪಳಿಗಳೇ ಬೇಕು. ದಿನಪತ್ರಿಕೆಯ ಓದುಗರು ಅವುಗಳ ಚಿಂತೆಯನ್ನು ಬಿಡಬಹುದು.

ಎಲ್ಲ ತಂತ್ರ ಗೊತ್ತಿದ್ದೂ ನಿಂತುಹೋದಾಗ ಏನು ಮಾಡಬೇಕು? ಹತ್ತರಲ್ಲಿ ಒಂಬತ್ತು ಸಲ ಕಾರಣ ಇಷ್ಟೇ: ಸರಳವಾದ ಸಿಂಗಲ್ ಒಂದು ಕಣ್ತಪ್ಪಿದೆ, ಇಲ್ಲವೇ ಅಳಿಸಬೇಕಾದ ಗುರುತೊಂದು ಉಳಿದುಕೊಂಡಿದೆ. ಆದ್ದರಿಂದ ಎಕ್ಸ್-ವಿಂಗ್ ಹುಡುಕಲು ಹೊರಡುವ ಮೊದಲು 1ರಿಂದ 9ರವರೆಗೆ ಪ್ರತಿ ಅಂಕಿಯನ್ನೂ ಒಂಬತ್ತು ಚೌಕಗಳಲ್ಲಿ ಮತ್ತೊಮ್ಮೆ ಕ್ರಮವಾಗಿ ನೋಡಿ. ಅನಂತರ ಗುರುತುಗಳನ್ನು ಸಾಲುಸಾಲಾಗಿ ಪರಿಶೀಲಿಸಿ. ಆಮೇಲೆ ಜೋಡಿಗಳು, ಕೊನೆಗೆ ಉಳಿದವು. ಯಾವ ಹಂತದಲ್ಲಿ ಒಂದು ಅಂಕಿ ಸಿಕ್ಕರೂ ಮತ್ತೆ ಸಿಂಗಲ್‌ಗಳಿಗೆ ಹಿಂದಿರುಗಬೇಕು. ಒಂದೇ ಸಾಲಿನಲ್ಲಿ ಒಂದೇ ಅಂಕಿ ಎರಡು ಸಲ ಬಂದದ್ದು ಕಂಡರೆ ಅಳಿಸುತ್ತ ಕೂರಬೇಡಿ, ತಪ್ಪು ಎಲ್ಲಿ ಶುರುವಾಯಿತೆಂದು ಹುಡುಕುವುದಕ್ಕಿಂತ ಹೊಸ ಹಾಳೆಯಲ್ಲಿ ಮೊದಲಿನಿಂದ ಆರಂಭಿಸುವುದು ಬೇಗ ಮುಗಿಯುತ್ತದೆ.

ಮರುದಿನದ ಸಂಚಿಕೆಯಲ್ಲಿ ಬರುವ ಉತ್ತರವನ್ನು ಬಳಸುವುದರಲ್ಲಿಯೂ ಒಂದು ವಿಧಾನವಿದೆ. ಪೂರ್ತಿ ಉತ್ತರವನ್ನು ನಕಲು ಮಾಡಿದರೆ ಏನೂ ಕಲಿತಂತಾಗುವುದಿಲ್ಲ. ನಿಂತ ಹಂತದ ಪಟವನ್ನು ಮುಂದಿಟ್ಟುಕೊಂಡು, ಉತ್ತರದಿಂದ ಒಂದೇ ಒಂದು ಅಂಕಿಯನ್ನು, ಮುಖ್ಯವಾಗಿ ಎರಡೇ ಗುರುತುಗಳು ಉಳಿದಿದ್ದ ಮನೆಯ ಅಂಕಿಯನ್ನು ನೋಡಿ, ಇನ್ನೊಂದು ಗುರುತನ್ನು ಯಾವ ತರ್ಕದಿಂದ ತೆಗೆಯಬಹುದಿತ್ತು ಎಂದು ಹಿಂದಕ್ಕೆ ಹುಡುಕಿ. ಹೀಗೆ ಬಿಡಿಸಿದ ಒಂದು ಸುಡೊಕು ಸುಲಭದ ಹತ್ತನ್ನು ಮುಗಿಸಿದ್ದಕ್ಕಿಂತ ಹೆಚ್ಚು ಕಲಿಸುತ್ತದೆ.

ಸ್ಪರ್ಧೆಯ ಆಸೆಯಿರುವವರಿಗೆ ವೇಗ ಮುಖ್ಯ. ವಿಶ್ವ ಸುಡೊಕು ಚಾಂಪಿಯನ್‌ಶಿಪ್ 2006ರಲ್ಲಿ ಇಟಲಿಯ ಲುಕ್ಕಾದಲ್ಲಿ ಆರಂಭವಾಗಿ, 2008ರಲ್ಲಿ ಗೋವಾಕ್ಕೂ 2017ರಲ್ಲಿ ಬೆಂಗಳೂರಿಗೂ ಬಂದಿತ್ತು. ಅಲ್ಲಿ ಗಡಿಯಾರವೇ ಎದುರಾಳಿ. ಉಳಿದವರು ಸಮಯವನ್ನು ಅಳೆಯುವ ಬದಲು ತಂತ್ರವನ್ನು ಅಳೆಯುವುದು ಮೇಲು. ಎರಡು ವಾರಗಳ ಕಾಲ ನಿಮ್ಮ ಪತ್ರಿಕೆಯ ಪ್ರತಿ ಸುಡೊಕುವಿನ ಪಕ್ಕದಲ್ಲಿ, ಅಚ್ಚಾದ ಮಟ್ಟದ ಗುರುತನ್ನೂ ನಿಮಗೆ ಬೇಕಾದ ಅತಿ ಕಠಿಣ ತಂತ್ರದ ಹೆಸರನ್ನೂ ಬರೆದಿಡಿ. ಮೂರು ನಕ್ಷತ್ರ ಎಂದರೆ ನಿಮ್ಮ ಪತ್ರಿಕೆಯಲ್ಲಿ ಪಾಯಿಂಟಿಂಗ್‌ವರೆಗೆ, ನಾಲ್ಕು ಎಂದರೆ ಜೋಡಿಗಳವರೆಗೆ ಎಂಬಂಥ ನಕ್ಷೆಯೊಂದು ತಾನಾಗಿ ಮೂಡುತ್ತದೆ. ಆಮೇಲೆ ನಾಲ್ಕು ನಕ್ಷತ್ರದ ದಿನ ಅರ್ಧದಲ್ಲಿ ನಿಂತರೆ, ಏನನ್ನು ಹುಡುಕಬೇಕು ಎಂಬುದು ನಿಮಗೆ ಮೊದಲೇ ಗೊತ್ತಿರುತ್ತದೆ.